ಚಿಕ್ಕಮಗಳೂರು ರಾಜ್ಯ ಸರ್ಕಾರದ ವಿವಾಹ ಮಹೋತ್ಸವ

ಕಳೆದ ಭಾನುವಾರ ಅಕ್ಕನ ಮಗನ ಲಗ್ನಪತ್ರಿಕೆಯನ್ನು ಬೆರಳಚ್ಚು ಮಾಡಿಕೊಟ್ಟ ತಪ್ಪಿಗೆ ನಾನು ಇನ್ನೂ ಬೈಸಿಕೊಳ್ಳುತ್ತಿದ್ದೇನೆ. ವರನ ಹೆಸರಿನ ಹಿಂದೆ 'ಚಿ. ರಾ.' ಎಂದೂ ವಧುವಿನ ಹೆಸರಿನ ಹಿಂದೆ 'ಚಿ. ಸೌ.' ಎಂದೂ ಹಾಕುವುದು ಎಲ್ಲರೂ ಬಲ್ಲ ಪದ್ಧತಿ. ನಾನು ಒತ್ತಿದ್ದೂ ಅದೇ ಅಕ್ಷರಗಳನ್ನು. ಆದರೆ ಮುದ್ರಣಾಲಯದಿಂದ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಬಂದಿಳಿದ ಪ್ರೂಫಿನಲ್ಲಿ ವರನು 'ಚಿಕ್ಕಮಗಳೂರು. ರಾಜ್ಯ ಸರ್ಕಾರ.' ಆಗಿದ್ದನು. ವಧುವು 'ಚಿಕ್ಕಮಗಳೂರು. ಸೌಲಭ್ಯಗಳನ್ನು ಒದಗಿಸುವ ಕುರಿತು.' ಆಗಿದ್ದಳು.

"ಹುಡುಗಿ ಶಿವಮೊಗ್ಗದವಳು ಕಣೋ, ಮಧ್ಯೆ ಚಿಕ್ಕಮಗಳೂರು ಎಲ್ಲಿಂದ ಬಂತು?" ಎಂದು ಅಕ್ಕ ಫೋನಿನಲ್ಲಿ ಕೇಳಿದಳು. ಮುದ್ರಣಾಲಯದವರನ್ನು ವಿಚಾರಿಸಿದರೆ, "ನಿಮ್ಮ ಕಡೆಯ ಸಂಪ್ರದಾಯ ಇರಬಹುದು ಅಂದುಕೊಂಡೆ ಸಾರ್" ಎಂದರು.

ನಿಜವಾದ ಅಪರಾಧಿ ನನ್ನ ಕಂಪ್ಯೂಟರಿನ ಆಟೋ ಕರೆಕ್ಟ್ ಪಟ್ಟಿ, ಅಂದರೆ ಚಿಕ್ಕ ಸಂಕೇತ ಒತ್ತಿದರೆ ತಾನಾಗಿ ಪೂರ್ಣಪದ ಮಾಡಿಕೊಡುವ ಪಟ್ಟಿ. ಕಚೇರಿಯಲ್ಲಿ ದಿನವಿಡೀ ಟಿಪ್ಪಣಿ, ನಡವಳಿ, ಜ್ಞಾಪನ ಎಂದು ಕುಟ್ಟುವವರಿಗೆ ನನ್ನ ಸಂಕಟ ಅರ್ಥವಾದೀತು. 'ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ' ಎಂಬುದಕ್ಕೆ ಕನ್ನಡ ಬೆರಳಚ್ಚಿನ 'ನುಡಿ' ಕೀಲಿಮಣೆಯಲ್ಲಿ, ಶಿಫ್ಟನ್ನು ಲೆಕ್ಕಕ್ಕೆ ಹಿಡಿಯದೆ, 27 ಬಾರಿ ಕೀಲಿ ಒತ್ತಬೇಕು. ಅದರಲ್ಲಿ ಮೂರು ಬಾರಿ ಒತ್ತಕ್ಷರಕ್ಕಾಗಿಯೇ ಎಫ್ ಕೀಲಿಗೆ ಹೋಗಿಬರಬೇಕು. 'ಮಕಅ' ಎಂದು ಮೂರೇ ಅಕ್ಷರ ಒತ್ತಿದರೆ ಅಧಿಕಾರಿಗಳು ಪೂರ್ಣರೂಪದಲ್ಲಿ ಪ್ರತ್ಯಕ್ಷರಾಗುವುದನ್ನು ಕಂಡ ದಿನ ನಾನು ಬಹಳ ಹಿಗ್ಗಿದೆ. ಹಿಗ್ಗಿನಲ್ಲಿ 'ಚಿ', 'ರಾ', 'ಸೌ' ಎಂಬ ಒಂಟಿ ಅಕ್ಷರಗಳನ್ನೂ ದುಡಿಮೆಗೆ ಹಚ್ಚಿದೆ. ಅವಕ್ಕೆ ಆಗಲೇ ಬೇರೆ ಮನೆ, ಬೇರೆ ಸಂಸಾರ ಇದೆ ಎಂಬುದು ನೆನಪಾಗಲಿಲ್ಲ.

ಹರೆಯದಲ್ಲಿ ನಾನು ಶೀಘ್ರಲಿಪಿ ಕಲಿತವನು. ಐಸಾಕ್ ಪಿಟ್ಮನ್ 1837ರಲ್ಲಿ ಪ್ರಕಟಿಸಿದ ಆ ಪದ್ಧತಿಯಲ್ಲಿ ತೆಳುಗೆರೆ ಎಳೆದರೆ 'ಪ', ಅದೇ ಗೆರೆಯನ್ನು ಒತ್ತಿ ಎಳೆದರೆ 'ಬ'. ಅವಸರದಲ್ಲಿ ಸ್ವರಗಳನ್ನು ಬಿಟ್ಟರೂ ನಡೆಯುತ್ತದೆ. ಏಕೆಂದರೆ ಆ ಗೆರೆಗಳನ್ನು ಮತ್ತೆ ಓದುವವನು ಮನುಷ್ಯ; ಹಿಂದುಮುಂದಿನ ಮಾತು ನೋಡಿ, ಇದು ಮದುವೆಯೋ ಮಂಡಳಿ ಸಭೆಯೋ ಎಂದು ತಿಳಿದುಕೊಳ್ಳುತ್ತಾನೆ. ಕಂಪ್ಯೂಟರಿಗೆ ಆ ದಾಕ್ಷಿಣ್ಯವಿಲ್ಲ. ಚುಕ್ಕಿ ಬಿದ್ದ ಕೂಡಲೇ ಮಾಂಗಲ್ಯವನ್ನೂ ಮಂಜೂರಾತಿಯನ್ನೂ ಒಂದೇ ಹದದಲ್ಲಿ ಹಿಗ್ಗಿಸುತ್ತದೆ.

ಇಷ್ಟಕ್ಕೂ ಇಂಗ್ಲಿಷಿನವರ ಈ ಆಟೋ ಕರೆಕ್ಟ್ ಉಪಾಯ ನಮಗೆ ಪೂರ್ತಿ ಒಗ್ಗುವುದಿಲ್ಲ. 'ಸಕ' ಎಂದರೆ 'ಸರ್ಕಾರ' ಎಂದು ಕಲಿಸಿದೆ. ಆದರೆ ಬರಿಯ ಸರ್ಕಾರ ಯಾವ ಕಡತದಲ್ಲಿ ಸಿಗುತ್ತದೆ? ಸರ್ಕಾರದ, ಸರ್ಕಾರಕ್ಕೆ, ಸರ್ಕಾರದಿಂದ, ಸರ್ಕಾರದಲ್ಲಿ! ಚುಕ್ಕಿಯನ್ನೋ ಖಾಲಿ ಜಾಗದ (ಸ್ಪೇಸ್) ಕೀಲಿಯನ್ನೋ ಒತ್ತಿದ ಮೇಲಷ್ಟೇ ಪದ ಅರಳುವುದರಿಂದ, ಹಿಂದಕ್ಕೆ ಸರಿದು ಆ ಖಾಲಿ ಜಾಗ ಅಳಿಸಿ, ಪ್ರತ್ಯಯ ಅಂಟಿಸುವಷ್ಟರಲ್ಲಿ ಉಳಿಸಿದ್ದೆಲ್ಲ ಖರ್ಚಾಗಿರುತ್ತದೆ. ಕೊನೆಗೆ ಒಂದೊಂದು ನಾಮಪದಕ್ಕೂ ವಿಭಕ್ತಿಗೊಂದರಂತೆ ಸಂಕೇತ ಕೊಟ್ಟೆ. ಅವನ್ನು ನೆನಪಿಡಲು ಗೋಡೆಗೆ ಚೀಟಿ ಅಂಟಿಸಿದ್ದೇನೆ. ಚೀಟಿ ನೋಡುವ ಹೊತ್ತಿಗೆ ಪಕ್ಕದ ಮೇಜಿನವರು ಪೂರ್ತಿ ಪದವನ್ನೇ ಕುಟ್ಟಿ ಚಹಾಕ್ಕೆ ಹೊರಟಿರುತ್ತಾರೆ.

ನಮ್ಮ ಅಜ್ಜ ಕಾಗದದ ಆರಂಭದಲ್ಲಿ 'ಉ|| ಕು|| ಸಾಂ||' ಎಂದು ಬರೆಯುತ್ತಿದ್ದರು. ಉಭಯ ಕುಶಲೋಪರಿ ಸಾಂಪ್ರತ; ಎರಡೂ ಕಡೆ ಕ್ಷೇಮ, ಇನ್ನು ಈಗಿನ ವಿಷಯ ಎಂದು. ಅದನ್ನು ಬಿಡಿಸಿ ಹೇಳೆಂದು ನಾವು ಯಾರೂ ಕೇಳಿದ್ದಿಲ್ಲ. ಅಮ್ಮ ಅಷ್ಟನ್ನು ಓದಿ ಒಮ್ಮೆ ಸುಮ್ಮನಾಗಿ, ಆಮೇಲೆ ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಈಗ ಪಟ್ಟಿಯನ್ನು ತಿದ್ದಿದ್ದೇನೆ. ಒಂದನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ ಅಲ್ಲಿಗೇ ಬಿಟ್ಟಿದ್ದ 'ಙ' ಅಕ್ಷರವನ್ನು ಪ್ರತಿ ಸಂಕೇತದ ತಲೆಗೂ ಕೂರಿಸಿದ್ದೇನೆ. 'ಙಚಿ' ಎಂದು ಯಾವ ಮದುವೆಯಲ್ಲೂ ಯಾರೂ ಬರೆಯಲಾರರು. ಲಗ್ನಪತ್ರಿಕೆಯೂ ಸರಿಯಾಗಿ ಅಚ್ಚಾಯಿತು. ಆದರೆ ಹಳೆಯ ಪ್ರೂಫನ್ನು ಯಾರೋ ಹೆಣ್ಣಿನ ಕಡೆಗೂ ಕಳುಹಿಸಿಬಿಟ್ಟಿದ್ದರು. ಹುಡುಗನಿಗೆ ಸರ್ಕಾರಿ ನೌಕರಿ ಆಯಿತೇ, ಯಾವ ಇಲಾಖೆ ಎಂದು ಅವರು ಬಹಳ ಸಂತೋಷದಿಂದ ವಿಚಾರಿಸಿದರಂತೆ. ಉತ್ತರ ಹೇಳುವ ಕೆಲಸವನ್ನು ಅಕ್ಕ ನನಗೇ ವಹಿಸಿದ್ದಾಳೆ.