ಎದೆಗೆ ಅರಮನೆ, ಬೆನ್ನಿಗೆ ಬೋರ್‌ವೆಲ್

"ಜೆರ್ಸಿ ಬಂತು" ಎಂದು ಖುಷಿಯಿಂದ ಹೇಳಿದೆ. "ಎಷ್ಟು ಲೀಟ್ರು ಕೊಡುತ್ತಂತೆ?" ಎಂದು ನಮ್ಮತ್ತೆ ಕೇಳಿದರು. ಅವರದು ಮದ್ದೂರು ಕಡೆ. ಅಲ್ಲಿ ಜೆರ್ಸಿ ಅಂದರೆ ಹಸು. ಕವರ್ ಬಿಚ್ಚಿ, ನಮ್ಮ ಸೈಕಲ್ ಗುಂಪಿನ ಹೊಸ ಅಂಗಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಯಾವ ಎಲೆಕ್ಷನ್ನು?" ಎಂದರು.

ತಪ್ಪು ಅವರದಲ್ಲ. ಎದೆ ಮೇಲೆ ಮೈಸೂರು ಅರಮನೆ, ದೀಪ ಹಾಕಿದ್ದು. ಅದರ ಮೇಲೆ ಗಂಡಭೇರುಂಡ. ಎಡ ತೋಳಿಗೆ ಬೆಟ್ಟದ ನಂದಿ, ಬಲ ತೋಳಿಗೆ ಅಂಬಾರಿ ಹೊತ್ತ ಆನೆ. ಹೊಟ್ಟೆ ಮೇಲೆ ಒಂದು ಲೇಔಟಿನ ಹೆಸರು, ಪಕ್ಕೆಗೆ ಡೆಂಟಲ್ ಕ್ಲಿನಿಕ್ಕು, ಕಾಲರಿಗೆ ಕಲ್ಯಾಣ ಮಂಟಪ. ಬೆನ್ನಿಗೆ ಬೋರ್‌ವೆಲ್ ಕಂಪನಿ, ಮೊಬೈಲ್ ನಂಬರ್ ಸಮೇತ. ಇಷ್ಟೆಲ್ಲ ಹಾಕಿ ಉಳಿದ ಜಾಗದಲ್ಲಿ ನಾನು.

ನಾವು 22 ಜನ. ಭಾನುವಾರ ಬೆಳಿಗ್ಗೆ ಐದೂವರೆಗೆ ಕುಕ್ಕರಹಳ್ಳಿ ಕೆರೆ ಹತ್ತಿರ ಸೇರುತ್ತೇವೆ. ಚಾಮುಂಡಿ ಬೆಟ್ಟ ಹತ್ತುತ್ತೇವೆ, ಇಲ್ಲದಿದ್ದರೆ ಶ್ರೀರಂಗಪಟ್ಟಣಕ್ಕೆ ಹೋಗಿ ಬರುತ್ತೇವೆ. ಆಮೇಲೆ ಬೆಣ್ಣೆ ದೋಸೆ ತಿಂದು, ಕಳೆದುಕೊಂಡ ಕ್ಯಾಲೊರಿಯನ್ನು ಬಡ್ಡಿ ಸಮೇತ ವಸೂಲು ಮಾಡುತ್ತೇವೆ. ಇಷ್ಟು ದಿನ ಹಳೇ ಟಿ ಶರ್ಟಿನಲ್ಲೇ ನಡೆಯುತ್ತಿತ್ತು. ಒಂದು ದಿನ ಬೆಂಗಳೂರಿನ ತಂಡವೊಂದು ಒಂದೇ ಥರದ ಜೆರ್ಸಿ ಹಾಕಿಕೊಂಡು ನಮ್ಮೆದುರು ಬೆಟ್ಟ ಹತ್ತಿತು. ಅವತ್ತಿಂದ ಯಾರಿಗೂ ನಿದ್ದೆ ಇಲ್ಲ. ಜೆರ್ಸಿ ಕಮಿಟಿ ಆಯಿತು. ಕಮಿಟಿಯಲ್ಲಿ 14 ಜನ. ನಾನು ಮಗಳ ನಾಮಕರಣದ ಕಾರ್ಡನ್ನು ಚೆನ್ನಾಗಿ ಮಾಡಿಸಿದ್ದೆ ಅಂತ ನನ್ನನ್ನೂ ಸೇರಿಸಿಕೊಂಡರು.

ಎರಡೇ ಬಣ್ಣ ಸಾಕು, ಎದೆ ಮೇಲೆ ಊರಿನ ಹೆಸರು ಸಣ್ಣದಾಗಿ ಇರಲಿ, ಜಾಹೀರಾತು ಬೇಡ ಎಂದೆ. ನಮ್ಮ ಖಜಾಂಚಿಯವರು ಮೊಬೈಲ್ ತೆಗೆದರು. ಓದಿಕೊಂಡೇ ಬಂದಿದ್ದರು.

"ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಮುಂದಿರೋರಿಗೆ ಕೊಡೋ ಹಳದಿ ಜೆರ್ಸಿ ಯಾಕೆ ಹಳದಿ ಹೇಳಿ? ರೇಸ್ ನಡೆಸುತ್ತಿದ್ದ ಪೇಪರನ್ನ ಹಳದಿ ಹಾಳೆ ಮೇಲೆ ಅಚ್ಚು ಹಾಕ್ತಿದ್ರು. 1919ರಿಂದ ಅದೇ ಬಣ್ಣ. ಇಟಲಿಯ ರೇಸಿನಲ್ಲಿ ಗುಲಾಬಿ ಯಾಕೆ? ಅಲ್ಲಿಯ ಪೇಪರ್ ಗುಲಾಬಿ. ಬೆಟ್ಟ ಹತ್ತೋರಿಗೆ ಕೆಂಪು ಚುಕ್ಕಿ ಜೆರ್ಸಿ ಕೊಡ್ತಾರಲ್ಲ, 1975ರಲ್ಲಿ ಬಂದಿದ್ದು, ಅದು ಚಾಕೊಲೇಟ್ ಕಂಪನಿಯ ರ‍್ಯಾಪರ್ ಸಾರ್. ಎಲ್ಲಾ ಜಾಹೀರಾತೇ!"

ಮಾತು ಸುಳ್ಳಲ್ಲ. ಆದರೆ ಅಲ್ಲಿ ಒಂದು ಜೆರ್ಸಿಗೆ ಒಂದು ಬಣ್ಣ. ಹಳದಿ ಅಂದರೆ ಹಳದಿ, ಅರ್ಧ ಮೈಲಿ ದೂರದಿಂದ ಗುರುತು ಸಿಗುತ್ತದೆ. ಇದನ್ನು ವಿವರಿಸುವಷ್ಟರಲ್ಲಿ ಮೊದಲ ಸ್ಪಾನ್ಸರ್ ಒಳಗೆ ಬಂದಾಗಿತ್ತು.

ಕೊನೆಯ ಪ್ರಯತ್ನ ಅಂತ ನಾನೊಂದು ಚಿತ್ರ ತೋರಿಸಿದೆ. 1985ರಲ್ಲಿ ಫ್ರಾನ್ಸಿನ ಸೈಕಲ್ ಸವಾರ ಬರ್ನಾರ್ ಇನೊ ಅದೇ ಟೂರ್ ಗೆದ್ದಾಗ ಅವರ ತಂಡ ಹಾಕುತ್ತಿದ್ದ ಜೆರ್ಸಿ ಅದು. ಡಚ್ ಕಲಾವಿದ ಮೊಂಡ್ರಿಯನ್ ಚಿತ್ರಗಳ ಥರ ಕೆಂಪು, ಹಳದಿ, ನೀಲಿ, ಬಿಳಿಯ ಚೌಕಗಳು, ನಡುವೆ ಕಪ್ಪು ಗೆರೆ. ಇವತ್ತಿಗೂ ಜನ ಅದನ್ನು ಹುಡುಕಿ ಕೊಳ್ಳುತ್ತಾರೆ. ಕಮಿಟಿ ಸುಮ್ಮನಾಯಿತು. ಲೇಔಟಿನವರು ಮಾತ್ರ ಮುಂದಕ್ಕೆ ಬಗ್ಗಿ ನೋಡಿ, "ಒಳ್ಳೇ ಪ್ಲ್ಯಾನು. ಇದು ಥರ್ಟಿ-ಫಾರ್ಟಿನಾ? ಈ ಕಾರ್ನರ್ ಸೈಟು ನಮಗಿರಲಿ" ಎಂದರು. ಅವರು ಬೆರಳಿಟ್ಟಿದ್ದು ಹೊಟ್ಟೆ ಮೇಲೆ. ಯಾವ ಸೈಟು ಮುಂದೆ ಅಗಲವಾಗುತ್ತದೆ ಅಂತ ಅವರಿಗೆ ಗೊತ್ತು.

ಚಡ್ಡಿಯ ಬಣ್ಣಕ್ಕೇ ಒಂದು ಮೀಟಿಂಗು ಹೋಯಿತು. ಸೈಕಲ್ ಚಡ್ಡಿ ಮೈಗೆ ಅಂಟಿಕೊಂಡಿರುತ್ತದೆ, ಅದಕ್ಕೇ ಕಪ್ಪು ವಾಸಿ ಅಂತ ತುಳಿದವರಿಗೆಲ್ಲ ಗೊತ್ತು. ನಮ್ಮ ಕಾರ್ಯದರ್ಶಿಗೆ ಮಾತ್ರ ನಾಡಪ್ರೇಮ ಉಕ್ಕಿತು. "ನಮ್ಮದು ಗಂಧದ ನಾಡು. ಚಡ್ಡಿ ಗಂಧದ ಬಣ್ಣಕ್ಕಿರಲಿ" ಎಂದರು. ಚಪ್ಪಾಳೆ ಬಿತ್ತು. ಆಗ ನಮ್ಮ ಗುಂಪಿನ ಡಾಕ್ಟರ್ ಮೇಡಂ ಏನೂ ಮಾತಾಡದೆ ಮೊಬೈಲಿನಲ್ಲಿ ಒಂದು ಫೋಟೋ ಹುಡುಕಿ ಎಲ್ಲರ ಕೈಗೂ ಒಂದು ಸುತ್ತು ಕಳಿಸಿದರು. 2014ರಲ್ಲಿ ಕೊಲಂಬಿಯಾದ ಮಹಿಳಾ ತಂಡವೊಂದು ಹಾಕಿದ ಬಟ್ಟೆ. ಹೊಟ್ಟೆಯಿಂದ ತೊಡೆಯವರೆಗೆ ಮೈಬಣ್ಣ. ಅಲ್ಲಿ ಬಟ್ಟೆಯೇ ಇಲ್ಲವೇನೋ ಅನ್ನಿಸಿ ಜಗತ್ತೆಲ್ಲ ಗದ್ದಲವಾಗಿತ್ತು. ಮೊಬೈಲು 14 ಕೈ ದಾಟಿ ವಾಪಸ್ ಬರುವಷ್ಟರಲ್ಲಿ ಕಪ್ಪು ಚಡ್ಡಿ ಸರ್ವಾನುಮತದಿಂದ ಪಾಸಾಯಿತು. ಇಡೀ ಕಮಿಟಿ ತೆಗೆದುಕೊಂಡ ನೆಟ್ಟಗಿನ ತೀರ್ಮಾನ ಅದೊಂದೇ.

ಡಿಸೈನ್ ಮಾಡಿದ್ದು ಫ್ಲೆಕ್ಸ್ ಅಂಗಡಿಯ ಹುಡುಗ. "ಹುಟ್ಟುಹಬ್ಬದ ಫೈಲ್ ರೆಡಿ ಇದೆ ಸಾರ್, ಅದ್ರಲ್ಲೇ ಅಡ್ಜಸ್ಟ್ ಮಾಡೋಣ" ಎಂದ. ಹಾಗೇ ಮಾಡಿದ. ಜೆರ್ಸಿಯ ಕೆಳ ಅಂಚಿನಲ್ಲಿ "ಶುಭ ಕೋರುವವರು" ಎಂದು ಉಳಿದುಕೊಂಡಿದ್ದು ಹಾಗೆ. ಇನ್ನು ಶುಭ ಕೋರುವವರು ಬೇಕಲ್ಲ? ಕಮಿಟಿಯ 14 ಜನರ ಪಾಸ್‌ಪೋರ್ಟ್ ಫೋಟೋ ಹಾಕಿಸಿದರು. ಬೇರೆ ಎಲ್ಲೂ ಜಾಗವಿರಲಿಲ್ಲ. ನನ್ನದು ಎಡ ಕಂಕುಳಲ್ಲಿದೆ. ಕೈ ಎತ್ತಿದರೆ ಕಾಣುತ್ತೇನೆ.

ಬೆನ್ನ ಕೆಳಗಿನ ಮೂರು ಜೇಬು ಮಾತ್ರ ಖಾಲಿ ಇದ್ದವು. ಮೂವರು ಸ್ಥಳೀಯ ನಾಯಕರು ಅಲ್ಲಿ ನಗುನಗುತ್ತಾ ಕೂತರು. ನಡುವಿನ ಜೇಬು ಯಾರಿಗೆ ಅಂತ ಎರಡು ವಾರ ಜಗಳ. ಆ ಜೇಬುಗಳು ಇರುವುದು ಬಾಳೆಹಣ್ಣು, ಪಂಪು, ಟ್ಯೂಬು ಇಟ್ಟುಕೊಳ್ಳುವುದಕ್ಕೆ. ಎರಡು ಏಲಕ್ಕಿ ಬಾಳೆ ತುರುಕಿದರೆ ಎಡಗಡೆಯವರ ಕೆನ್ನೆ ಎಲೆಅಡಿಕೆ ದವಡೆಗೊತ್ತಿದ ಹಾಗೆ ಉಬ್ಬುತ್ತದೆ. ನಡುವಿನವರ ಹಣೆಯಿಂದ ಪಂಪು ಎದ್ದಿರುತ್ತದೆ. ಇವರಿಗೆ ಜಾಗ ಮಾಡಿಕೊಡಲು ಹೊಳೆಯುವ ರಿಫ್ಲೆಕ್ಟರ್ ಪಟ್ಟಿಯನ್ನು ತೆಗೆಸಿದರು. ಕತ್ತಲಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ಕಾಣುವಂಥದ್ದು ಅಂತ ಇದ್ದದ್ದು ಅದೊಂದೇ.

ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಜೊತೆಗೆ ನಿಷೇಧ ಮಾಡಿತಲ್ಲ ಅಂತ ನೆನಪಿಸಿದೆ. "ಇದು ಪಾಲಿಯೆಸ್ಟರ್ ಸಾರ್" ಎಂದ ಹುಡುಗ. ಕಾಗದದ ಮೇಲೆ ಅಚ್ಚು ಹಾಕಿ, ಬಟ್ಟೆ ಮೇಲಿಟ್ಟು, ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ನೂಲಿನೊಳಗೇ ಸೇರಿಕೊಳ್ಳುತ್ತದೆ. "ಕಂಬದ ಮೇಲಿನದಾದ್ರೆ ಕಾರ್ಪೊರೇಷನ್ನೋರು ಕೀಳ್ತಾರೆ. ಇದನ್ನ ಹೇಗೆ ಕೀಳ್ತಾರೆ? ಸಾವಿರ ಸಲ ಒಗೀರಿ, ಹೋಗಲ್ಲ." ನಿಜ. ಬಲಗಡೆ ಜೇಬಿನ ನಾಯಕರು ಆಗಲೇ ಪಕ್ಷ ಬದಲಾಯಿಸಿದ್ದಾರೆ. ನಮ್ಮ ಸೊಂಟದ ಮೇಲೆ ಇನ್ನೂ ಹಳೇ ಶಾಲಿನಲ್ಲೇ ಇದ್ದಾರೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಲೇಔಟಿನವರು ಐದು ಸಾವಿರ ಕೊಟ್ಟರು. ಡೆಂಟಲ್ ಕ್ಲಿನಿಕ್ಕಿನವರು ಉಚಿತ ತಪಾಸಣೆ ಎಂದರು. ಕಲ್ಯಾಣ ಮಂಟಪದವರು ಒಂದು ತಟ್ಟೆ ಚಿರೋಟಿ ಕಳಿಸಿದರು. ನಾಯಕರು ಆಶೀರ್ವಾದ ಮಾಡಿದರು. ನಾವು ತಲೆಗೆ ಒಂಬೈನೂರು ಕೊಟ್ಟು ಜೆರ್ಸಿ ತಗೊಂಡೆವು.

ಮೊದಲ ಭಾನುವಾರ ಬೆಟ್ಟ. ಅರ್ಧ ದಾರಿಗೇ ಸೆಕೆ ತಡೆಯದೆ ಎಲ್ಲರೂ ಜಿಪ್ ಇಳಿಸಿದರು. ಜಿಪ್ಪು ಎದೆ ನಡುವೆ ಬರುತ್ತದೆ ಅನ್ನುವುದು ಕಮಿಟಿಗೆ ಹೊಳೆದಿರಲಿಲ್ಲ. ಅಷ್ಟು ಶತಮಾನ ಒಂದೇ ಮೈಯಲ್ಲಿದ್ದ ಗಂಡಭೇರುಂಡದ ಎರಡು ತಲೆಗಳು ಬೇರೆ ಸಂಸಾರ ಹೂಡಿದವು. ಅರಮನೆ ಎರಡು ಪಾಲಾಯಿತು. ಖಜಾಂಚಿಯವರ ಪಾಲಿಗೆ ಬಂದ ಅರಮನೆ ಸ್ವಲ್ಪ ಅಗಲ ಜಾಸ್ತಿ, ಗೋಪುರಗಳೆಲ್ಲ ಇಡ್ಲಿ ಆಗಿದ್ದವು.

ಮುಂದಿನ ವಾರ ನಾನೊಬ್ಬನೇ ಇಲವಾಲ ದಾಟಿ ಬಿಳಿಕೆರೆ ಕಡೆ ಹೋಗುತ್ತಿದ್ದೆ. ಹಿಂದೆ ಒಂದು ಟಿವಿಎಸ್ ಎಕ್ಸೆಲ್ಲು ಎರಡು ಕಿಲೋಮೀಟರಿಂದ ಬಿಡದೆ ಬರುತ್ತಿತ್ತು. ಮುಂದೆ ಹೋಗುವುದಿಲ್ಲ, ಹಿಂದೆ ಉಳಿಯುವುದಿಲ್ಲ.

"ಅಣ್ಣೋ, ವಸಿ ನಿಲ್ಸಿ!"

ನಿಲ್ಲಿಸಿದೆ. ರೈತ, ಮುಂದೆ ಹಸಿ ಹುಲ್ಲಿನ ಹೊರೆ.

"ಅಡಿಗೆ ಎಷ್ಟು ತಗತೀರಾ?"

"ನಾನು ಬೋರ್‌ವೆಲ್ಲಿನವನಲ್ಲ."

"ಮತ್ಯಾಕೆ ಬರಸ್ಕಂಡಿದ್ದೀರಿ?"

ಉತ್ತರ ಹೊಳೆಯಲಿಲ್ಲ.

"ಹೋಗ್ಲಿ ಬುಡಿ. ಹಂಗೇ ವಸಿ ಬಗ್ಗಿ, ನಂಬ್ರು ಬರ್ಕತೀನಿ."

ಹ್ಯಾಂಡಲ್ ಹಿಡಿದು ಬಗ್ಗಿದೆ. ಆತ ಬೆನ್ನ ಮೇಲೆ ಬೆರಳಿಟ್ಟು ಒಂದೊಂದೇ ಓದಿ ಮೊಬೈಲಿಗೆ ಒತ್ತಿಕೊಂಡ. ಎಂಟಕ್ಕೆ ನಿಂತ.

"ಕೊನೇವೆರಡು ಕಾಣಾಕಿಲ್ಲ. ಆ ಬಾಳೆಹಣ್ಣು ಈಚೆಗೆ ತಗೀರಿ."

ತೆಗೆದೆ. ನಾಯಕರ ಕೆನ್ನೆ ಇಳಿಯಿತು, ನಂಬರ್ ಪೂರ್ತಿಯಾಯಿತು. ಆತ ಅಲ್ಲೇ ನಿಂತು ಫೋನ್ ಹಚ್ಚಿದ. ನಾನು ಇನ್ನೂ ಬಗ್ಗಿಯೇ ಇದ್ದೆ.

"ಹಲೋ... ನಂಬ್ರಾ? ಯಾರೋ ಪಾಪ, ಸೈಕಲ್ ಮೇಲೆ ಬೋರ್ಡು ಹೊತ್ಕಂಡು ಹೋಗ್ತಾವ್ರೆ."