ಬಿದ್ದ ಹಣ್ಣಿನ ಸ್ಥಳಪುರಾಣ

ನಮ್ಮಲ್ಲಿ ಯಾವ ಕ್ಷೇತ್ರಕ್ಕೆ ಹೋದರೂ ಸ್ಥಳಪುರಾಣ ಹೇಳುವವರೊಬ್ಬರು ಸಿಕ್ಕೇ ಸಿಗುತ್ತಾರೆ. ಸೀತೆ ಸೀರೆ ಒಣಹಾಕಿದ ಬಂಡೆ ಇದು, ಭೀಮ ಮೊಣಕಾಲೂರಿದ ಗುಂಡಿ ಅದು, ಕೈ ಮುಗಿದು ಮುಂದೆ ಹೋಗಿ. ನಾವೂ ಮುಗಿಯುತ್ತೇವೆ. ಆಮೇಲೆ ಹೊರಗೆ ಬಂದು ಚುರುಮುರಿ ತಿನ್ನುತ್ತಾ ‘ಎಲ್ಲಾ ಕಟ್ಟುಕಥೆ’ ಅಂತ ನಗುತ್ತೇವೆ. ವಿಜ್ಞಾನ ಬೆಳೆದ ನಾಡಿನಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಅಂತಲೇ ನಾನು ನಂಬಿದ್ದೆ, ನಾಟಿಂಗ್‌ಹ್ಯಾಮಿನಲ್ಲಿ ಕೆಲಸಕ್ಕಿರುವ ತಂಗಿಯ ಮಗ ಒಂದು ಭಾನುವಾರ ‘ಮಾಮಾ, ನ್ಯೂಟನ್ ಊರು ನೋಡ್ಕೊಂಡು ಬರೋಣ ಬನ್ನಿ’ ಅಂತ ಕಾರು ಹತ್ತಿಸುವವರೆಗೆ.

ಹೊರಟದ್ದೇನೋ ಸರಿ, ತಲುಪಿದ್ದು ಬೇರೆ ಊರಿಗೆ. ಲಿಂಕನ್‌ಶೈರಿನ ಗ್ರ್ಯಾಂಥಮ್ ಪಟ್ಟಣದ ಆಸುಪಾಸಿನಲ್ಲಿ ವುಲ್ಸ್‌ಥಾರ್ಪ್ ಎಂಬ ಹೆಸರಿನ ಊರುಗಳು ಎರಡಿವೆ. ಒಂದು ಪಶ್ಚಿಮಕ್ಕೆ, ಬೀವರ್ ಕೋಟೆಯ ಹತ್ತಿರ. ಆ ಕೋಟೆಯ ಹೆಸರನ್ನು ಬರೆಯುವುದು ‘ಬೆಲ್ವಾಯರ್’ ಅಂತ, ಓದುವುದು ‘ಬೀವರ್’ ಅಂತ. ಇನ್ನೊಂದು ದಕ್ಷಿಣಕ್ಕೆ ಸುಮಾರು 11 ಕಿ.ಮೀ. ದೂರ, ಎ1 ಹೆದ್ದಾರಿಯ ಪಕ್ಕ, ಕೋಲ್‌ಸ್ಟರ್‌ವರ್ತ್ ಎಂಬ ಹಳ್ಳಿಗೆ ಅಂಟಿಕೊಂಡಂತೆ. ನ್ಯೂಟನ್ ಹುಟ್ಟಿದ್ದು ಈ ಎರಡನೆಯದರಲ್ಲಿ. ಊರು ಅನ್ನುವುದೂ ಹೆಚ್ಚಾಯಿತು, ನಮ್ಮ ಮೈಸೂರು ಕಡೆ ಕೊಪ್ಪಲು ಅಂತೀವಲ್ಲ, ಅಷ್ಟೇ. ‘ಥಾರ್ಪ್’ ಎಂಬ ಹಳೆಯ ನಾರ್ಸ್ ಪದಕ್ಕೂ ಹೆಚ್ಚುಕಡಿಮೆ ಅದೇ ಅರ್ಥ. ಫೋನಿನ ಮ್ಯಾಪು ನಮ್ಮನ್ನು ಕೋಟೆಯ ಕಡೆಯ ವುಲ್ಸ್‌ಥಾರ್ಪಿಗೆ ಕರೆದೊಯ್ದು ‘ತಲುಪಿದಿರಿ’ ಎಂದು ಸಾರಿತು. ಯಾವ ಗ್ರಹ ಯಾವಾಗ ಎಲ್ಲಿರುತ್ತದೆ ಎಂದು ಲೆಕ್ಕ ಕಟ್ಟಿಕೊಟ್ಟವನ ಮನೆ ಎಲ್ಲಿದೆ ಅನ್ನುವುದು ಉಪಗ್ರಹಕ್ಕೆ ತಿಳಿಯಲಿಲ್ಲ.

ಅಂತೂ ಸರಿಯಾದ ವುಲ್ಸ್‌ಥಾರ್ಪಿಗೆ ಬಂದು ಸೇರಿದೆವು. ಮನೆ ಚೆನ್ನಾಗಿದೆ. ಸುಣ್ಣಕಲ್ಲಿನ ಗೋಡೆಗಳ ರೈತಾಪಿ ಮನೆ, 1943ರಿಂದ, ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿನ ಸುಪರ್ದಿನಲ್ಲಿದೆ. ಆದರೆ ಬಂದವರ ಕಣ್ಣೆಲ್ಲ ಎದುರಿನ ತೋಟದ ಮೇಲೆ. ಅಲ್ಲಿದ್ದಾನೆ ಮೂಲದೇವರು: ನೆಲಕ್ಕೆ ಬಾಗಿ, ಸೊಂಟ ಬಿದ್ದು, ಮತ್ತೆ ಮೇಲಕ್ಕೆ ಚಿಗುರಿದ ಒಂದು ಸೇಬಿನ ಮರ. ಬೇರು ತುಳಿತಕ್ಕೆ ಸಿಕ್ಕಿ ಸಾಯಬಾರದೆಂದು ಸುತ್ತಲೂ ಕಡ್ಡಿ ಹೆಣೆದ ತಗ್ಗಿನ ಬೇಲಿ. ಭಕ್ತರು ಒಬ್ಬೊಬ್ಬರಾಗಿ ಬಂದು ಬೇಲಿಗೆ ಬೆನ್ನು ಕೊಟ್ಟು, ತಲೆಯನ್ನು ಕೊಂಬೆಯ ನೇರಕ್ಕೆ ತಂದು, ಈಗ ಬಿತ್ತು ಆಗ ಬಿತ್ತು ಎಂಬಂತೆ ಕಣ್ಣು ಮೇಲೆ ಮಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ. ಸುಳ್ಳು ಯಾಕೆ ಹೇಳಲಿ.

ತಮಾಷೆ ಏನೆಂದರೆ, ತಲೆಯ ಮೇಲೆ ಹಣ್ಣು ಬಿತ್ತು ಅಂತ ನ್ಯೂಟನ್ ಜೊತೆ ಕೂತು ಕಥೆ ಕೇಳಿದವರು ಬರೆದೇ ಇಲ್ಲ. 1726ರ ಏಪ್ರಿಲ್ 15ರಂದು ಲಂಡನ್ ಬಳಿಯ ಕೆನ್ಸಿಂಗ್‌ಟನ್ನಿನಲ್ಲಿ, ಊಟವಾದ ಮೇಲೆ, ಸೇಬಿನ ಮರಗಳ ನೆರಳಲ್ಲಿ ಚಹಾ ಕುಡಿಯುತ್ತಾ, 83 ವರ್ಷದ ನ್ಯೂಟನ್ ತನ್ನ ಸ್ನೇಹಿತ ವಿಲಿಯಂ ಸ್ಟೂಕ್ಲಿಗೆ ಹೇಳಿದ್ದಿಷ್ಟೇ: ಹಿಂದೊಮ್ಮೆ ಹೀಗೇ ಕೂತಿದ್ದಾಗ ಹಣ್ಣೊಂದು ಬಿತ್ತು, ಅದು ಯಾಕೆ ನೆಟ್ಟಗೆ ನೆಲಕ್ಕೇ ಬೀಳಬೇಕು ಅನ್ನಿಸಿತು. ಅರವತ್ತು ವರ್ಷ ಹಿಂದಿನ ನೆನಪು, ಚಹಾದ ಹೊತ್ತಿನ ಮಾತು. ಯಾವ ಮರ ಎಂಬ ಸುದ್ದಿ ಸ್ಟೂಕ್ಲಿ ಬರೆದಿಟ್ಟದ್ದರಲ್ಲಿ ಇಲ್ಲ. ಆದರೆ ಸ್ಥಳಪುರಾಣಕ್ಕೆ ಬಂಡೆ ಬೇಡವೆ? ಊರವರು ಒಂದನ್ನು ಗೊತ್ತುಮಾಡಿದರು. ಅದು 1820ರ ಬಿರುಗಾಳಿಗೆ ಉರುಳಿತು. ಉರುಳಿದ ಕಾಂಡವೇ ಬೇರುಬಿಟ್ಟು ಇವತ್ತಿನ ಮರವಾಗಿದೆ. ಮುರಿದ ಕೊಂಬೆಯಲ್ಲಿ ಕುರ್ಚಿ ಮಾಡಿದರು, ನಶ್ಯದ ಡಬ್ಬಿ ಮಾಡಿದರು. ಇಂಥ ಮಹಿಮೆಯ ಮರದ ಹಣ್ಣು ಹೇಗಿರುತ್ತದೆ ಅಂತೀರಾ? ಹುಳಿ. ಬೇಯಿಸಿ ತಿನ್ನುವ ಜಾತಿ. ತಳಿಯ ಹೆಸರು ‘ಫ್ಲವರ್ ಆಫ್ ಕೆಂಟ್’. ಕೆಂಟ್ ಇರುವುದು ದೇಶದ ಇನ್ನೊಂದು ಮೂಲೆಯಲ್ಲಿ.

ಮೂಲಪೀಠವಿದ್ದ ಮೇಲೆ ಶಾಖಾಮಠಗಳೂ ಇರಲೇಬೇಕಲ್ಲ. ಕಸಿಯ ಗಿಡಗಳು ಲೋಕವೆಲ್ಲ ಹರಡಿವೆ. ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಬಾಗಿಲಲ್ಲಿ 1954ರಲ್ಲಿ ಒಂದನ್ನು ನೆಟ್ಟರು, ಅಲ್ಲಿನ ಸಸ್ಯೋದ್ಯಾನದಲ್ಲಿ ಇನ್ನೊಂದನ್ನು. ನಮ್ಮ ಪುಣೆಯ ಐಯುಕಾ ಎಂಬ ಖಗೋಳವಿಜ್ಞಾನ ಸಂಸ್ಥೆಯ ಅಂಗಳಕ್ಕೂ ಆ ಸಂತಾನ ಬಂದಿತ್ತು. ನಮ್ಮ ಮಠಗಳಿಗೆ ಗುರುಪರಂಪರೆ ಹೇಗೋ ಇವಕ್ಕೆ ವಂಶಾವಳಿ ಹಾಗೆ: ಇಂಥಾ ಮರದಿಂದ ಇಂಥಾ ಕಡ್ಡಿ, ಇಂಥಾ ಕಡ್ಡಿಯಿಂದ ಇಂಥಾ ಗಿಡ. ಸಸ್ಯೋದ್ಯಾನದ ಮರ 2022ರ ಫೆಬ್ರವರಿಯ ಬಿರುಗಾಳಿಗೆ ಬಿದ್ದುಹೋದಾಗ ಪತ್ರಿಕೆಗಳು ಶೋಕಾಚರಣೆ ಮಾಡಿದವು. ಯಾಕೋ ತಿಳಿಯಲಿಲ್ಲ. ಬೀಳುವುದು ಆ ಮರದ ಕುಲಕಸುಬಲ್ಲವೆ?

ಇದೆಲ್ಲಕ್ಕೂ ಕಳಶವಿಟ್ಟದ್ದು 2010ರಲ್ಲಿ. ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ತನ್ನ ಸಂಗ್ರಹದಲ್ಲಿದ್ದ ಮೂಲಮರದ ಸುಮಾರು 10 ಸೆಂ.ಮೀ. ತುಂಡೊಂದನ್ನು ಗಗನಯಾತ್ರಿ ಪಿಯರ್ಸ್ ಸೆಲ್ಲರ್ಸ್ ಕೈಲಿ ಅಟ್ಲಾಂಟಿಸ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಕಳಿಸಿತು. ಬೀಳುವ ಹಣ್ಣಿನಿಂದ ಹೆಸರಾದ ಮರ, ಗುರುತ್ವವೇ ಕಾಣದ ಜಾಗದಲ್ಲಿ ಬೀಳದೆ ತೇಲಲಿ ಎಂಬ ಹಂಬಲ. ನ್ಯೂಟನ್ ಇದ್ದಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದ. ಕಕ್ಷೆಯಲ್ಲಿ ಸುತ್ತುವುದೆಂದರೆ ಭೂಮಿಯ ಕಡೆಗೆ ಬೀಳುತ್ತಲೇ ಇರುವುದು. ಮುಂದಕ್ಕೆ ಓಡುವ ವೇಗಕ್ಕೆ ನೆಲ ಸಿಗದೆ ತಪ್ಪಿಹೋಗುತ್ತಿರುತ್ತದೆ ಅಷ್ಟೆ. ಚಂದ್ರನೂ ಹಾಗೆಯೇ ಬೀಳುತ್ತಿದ್ದಾನೆ ಅನ್ನುವುದೇ ಅವನ ಇಡೀ ಸಿದ್ಧಾಂತದ ಬೆನ್ನುಮೂಳೆ. ಹಾಗಾಗಿ ಆ ಕಟ್ಟಿಗೆ ತುಂಡು ಬೀಳುವುದನ್ನು ನಿಲ್ಲಿಸಲೇ ಇಲ್ಲ, ಅಲ್ಲಿದ್ದ 12 ದಿನವೂ ಹೆಚ್ಚುಕಡಿಮೆ ಬೀಳುತ್ತಲೇ ಇತ್ತು.

ಕಟ್ಟಿಗೆ ತುಂಡಿಗೆ ಇಷ್ಟು ಮರ್ಯಾದೆ ಮಾಡಿದ ಇದೇ ರಾಯಲ್ ಸೊಸೈಟಿ, ಅವನ ಪುಸ್ತಕದ ವಿಷಯದಲ್ಲಿ ಏನು ಮಾಡಿತ್ತು ಗೊತ್ತೆ? ಗುರುತ್ವದ ಸಿದ್ಧಾಂತ ಹೇಳುವ ‘ಪ್ರಿನ್ಸಿಪಿಯಾ’ ಹಸ್ತಪ್ರತಿ ತಯಾರಾದಾಗ ಅಚ್ಚು ಹಾಕಿಸಲು ದುಡ್ಡಿಲ್ಲ ಎಂದು ಕೈಯೆತ್ತಿತ್ತು. ಅದಕ್ಕೆ ಸ್ವಲ್ಪ ಮುಂಚೆ ಮೀನುಗಳ ಚರಿತ್ರೆಯ ದೊಡ್ಡ ಸಚಿತ್ರ ಗ್ರಂಥಕ್ಕೆ ಹಣ ಸುರಿದು, ಅದು ಮಾರಾಟವಾಗದೆ ಕೂತಿತ್ತು. ಕೊನೆಗೆ ಸೊಸೈಟಿಯ ಗುಮಾಸ್ತನಾಗಿದ್ದ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಕೈಯಿಂದ ಖರ್ಚು ಮಾಡಿ 1687ರಲ್ಲಿ ಪುಸ್ತಕ ಹೊರತಂದ. ಪುಣ್ಯಾತ್ಮನಿಗೆ ಸೊಸೈಟಿ ಸಂಬಳದ ಬಾಬ್ತು ಕೊಟ್ಟದ್ದು ಮಾರದೆ ಉಳಿದ ಮೀನು ಪುಸ್ತಕದ ಪ್ರತಿಗಳನ್ನು. ಕನ್ನಡದ ಲೇಖಕರು ಗೌರವಧನದ ಬದಲು ಹತ್ತು ಪ್ರತಿ ತಗೊಂಡು ಮನೆಗೆ ಬರುವಾಗ ಹ್ಯಾಲಿಯನ್ನು ನೆನೆದು ಸಮಾಧಾನಪಟ್ಟುಕೊಳ್ಳಬಹುದು.

ಮರದಿಂದ ಚರ್ಚಿಗೆ ಬನ್ನಿ. ಕೋಲ್‌ಸ್ಟರ್‌ವರ್ತಿನ ಸೇಂಟ್ ಜಾನ್ ಚರ್ಚಿನಲ್ಲೇ ಮಗು ನ್ಯೂಟನ್ನನಿಗೆ ದೀಕ್ಷಾಸ್ನಾನ ಆದದ್ದು. ಹುಡುಗ ಒಂಬತ್ತು ವರ್ಷದವನಿದ್ದಾಗ ಚಾಕುವಿನಿಂದ ಕೆತ್ತಿದನೆಂದು ಹೇಳುವ ಕಲ್ಲಿನ ನೆರಳು ಗಡಿಯಾರ ಅಲ್ಲಿದೆ. ಗೋಡೆಯ ಮೇಲೆ ಬಿಸಿಲು ಸರಿಯುವುದನ್ನು ನೋಡಿ ಹೊತ್ತು ಹೇಳುವ ಚಟ ಅವನಿಗೆ ಚಿಕ್ಕಂದಿನಿಂದಲೂ ಇತ್ತು. ಅಂಥ ಅಮೂಲ್ಯ ವಸ್ತು ಮಳೆಗಾಳಿಗೆ ಹಾಳಾಗಬಾರದಲ್ಲ. ಆದ್ದರಿಂದ ಅದನ್ನು ಜೋಪಾನವಾಗಿ ಚರ್ಚಿನ ಒಳಗೆ, ಆರ್ಗನ್ ವಾದ್ಯದ ಹಿಂದೆ ಇಟ್ಟಿದ್ದಾರೆ. ಬಿಸಿಲು ಬೀಳದ ಕಡೆ! ಈಗ ಅದು ಯಾವ ಹೊತ್ತನ್ನೂ ತಪ್ಪು ತೋರಿಸುವುದಿಲ್ಲ.

ಹೊತ್ತಿನ ಮಾತು ಬಂತು. ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅಂತ ನಮಗೆ ಶಾಲೆಯಲ್ಲಿ ಮೇಷ್ಟ್ರು ಮೈ ಜುಮ್ಮೆನ್ನುವ ಹಾಗೆ ಹೇಳಿದ್ದರು. ಒಂದು ಜ್ಯೋತಿ ಆರಿತು, ಇನ್ನೊಂದು ಹೊತ್ತಿತು, ಹೀಗೆ. ಲೆಕ್ಕ ಮಾತ್ರ ಕೂಡುವುದಿಲ್ಲ. ಗೆಲಿಲಿಯೊ ತೀರಿಕೊಂಡದ್ದು ಇಟಲಿಯ ಹೊಸ ಪಂಚಾಂಗದಂತೆ 1642ರ ಜನವರಿ 8. ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ಹಳೆ ಪಂಚಾಂಗದಂತೆ 1642ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಎರಡನ್ನೂ ಹೊಸದರಲ್ಲಿ ಹೇಳಿದರೆ ನ್ಯೂಟನ್ 1643ರ ಜನವರಿ 4ಕ್ಕೆ ಜಾರುತ್ತಾನೆ. ಎರಡನ್ನೂ ಹಳೆಯದರಲ್ಲಿ ಹೇಳಿದರೆ ಗೆಲಿಲಿಯೊ 1641ಕ್ಕೇ ಹೋಗಿಬಿಡುತ್ತಾನೆ. ಸಾವಿಗೆ ಒಂದು ಪಂಚಾಂಗ, ಹುಟ್ಟಿಗೆ ಇನ್ನೊಂದು ಹಿಡಿದರೆ ಮಾತ್ರ ಪವಾಡ. ಜಾತಕ ಕೂಡಿಸುವ ನಮ್ಮ ಭಟ್ಟರೂ ಇಷ್ಟು ಧೈರ್ಯ ಮಾಡುವುದಿಲ್ಲ. ನಮ್ಮೂರ ಹೆಡ್‌ಮಾಸ್ಟರಾಗಿದ್ದರೆ ಜೂನ್ 1 ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು.

ಇನ್ನು 2020ರ ಕಥೆ. ಕೊರೊನಾ ಬಂದು ಎಲ್ಲರೂ ಮನೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ವಾಟ್ಸ್ಆ್ಯಪ್ ಗುಂಪುಗಳಿಗೆಲ್ಲ ಈ ಕೊಪ್ಪಲಿನ ಹೆಸರು ಹರಿದು ಬಂತು. ‘1665ರ ಪ್ಲೇಗಿನಲ್ಲಿ ನ್ಯೂಟನ್ ಹಳ್ಳಿಗೆ ಹೋಗಿ ಕ್ಯಾಲ್ಕುಲಸ್, ಬೆಳಕು, ಗುರುತ್ವ ಎಲ್ಲ ಕಂಡುಹಿಡಿದ. ಲಾಕ್‌ಡೌನಿನಲ್ಲಿ ನೀವೇನು ಮಾಡುತ್ತಿದ್ದೀರಿ?’ ನಾವು ಪಾತ್ರೆ ತೊಳೆಯುತ್ತಿದ್ದೆವು. ಆಫೀಸಿನ ಮೀಟಿಂಗಿನಲ್ಲಿ ಮೈಕು ಆರಿಸಿಕೊಂಡು ಮಕ್ಕಳನ್ನು ಗದರುತ್ತಿದ್ದೆವು. ನ್ಯೂಟನ್ನನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಮ್ಯಾನೇಜರಿಲ್ಲ; ಅನ್ನ ಹಾಕಲು ಅಮ್ಮ, ಕೆಲಸಕ್ಕೆ ಆಳುಕಾಳು. ಬೆಳಕಿನ ಕೆಲಸ ಆರೇಳು ವರ್ಷದ ಮೇಲೆ ಬಯಲಿಗೆ ಬಂತು, ಗುರುತ್ವ ಅಚ್ಚಾಗಲು 20 ವರ್ಷ ಹಿಡಿಯಿತು. 1684ರಲ್ಲಿ ಹ್ಯಾಲಿ ಹೋಗಿ ಗ್ರಹಗಳ ಹಾದಿ ಯಾವ ಆಕಾರದ್ದೆಂದು ಕೇಳಿದರೆ, ‘ದೀರ್ಘವೃತ್ತ, ಲೆಕ್ಕ ಮಾಡಿಟ್ಟಿದ್ದೇನೆ’ ಅಂದ. ಎಲ್ಲಿ ಕೊಡಿ ಅಂದರೆ, ಹಾಳೆ ಸಿಗಲಿಲ್ಲ. ಆ ಮೆಸೇಜು ಕಳಿಸಿದ ಮ್ಯಾನೇಜರಿಗೆ ಸೋಮವಾರ ಬೆಳಿಗ್ಗೆ ಈ ಉತ್ತರ ಕೊಟ್ಟು ನೋಡಿ.

ಗ್ರ್ಯಾಂಥಮ್ ಪಟ್ಟಣವೂ ಹಿಂದೆ ಬಿದ್ದಿಲ್ಲ. ಹುಡುಗ ಓದಿದ ಶಾಲೆ ಅಲ್ಲಿದೆ, 1858ರ ಕಂಚಿನ ಪ್ರತಿಮೆಯಿದೆ, ಅವನ ಹೆಸರಿನ ಶಾಪಿಂಗ್ ಸೆಂಟರೂ ಇದೆ. ಪ್ರತಿಮೆಯ ಹತ್ತಿರವೇ 2022ರಲ್ಲಿ ಊರಿನ ಮಗಳು, ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಪ್ರತಿಮೆಯನ್ನು, ಕಿಡಿಗೇಡಿಗಳ ಕೈಗೆ ಸಿಗಬಾರದೆಂದು 3 ಮೀಟರ್ ಪೀಠದ ಮೇಲೆ ನಿಲ್ಲಿಸಿದರು. ಕೆಲವೇ ಗಂಟೆಗಳಲ್ಲಿ ಮೊಟ್ಟೆ ಬಿತ್ತು. ಎತ್ತರಕ್ಕೆ ತಕ್ಕ ಕೋನದಲ್ಲಿ ಎಸೆದರೆ ಆಯಿತು. ಅದನ್ನು ಕಲಿಸಿದವನೇ ಪಕ್ಕದಲ್ಲಿ ನಿಂತಿದ್ದಾನಲ್ಲ.

ಇಷ್ಟೆಲ್ಲ ಉತ್ಸವ ಮಾಡುವ ಊರು, ಆತ ಅಲ್ಲೇ ಇದ್ದಾಗ ಹೇಗೆ ನಡೆಸಿಕೊಂಡಿತ್ತು? ನನಗೆ ಬಹಳ ಇಷ್ಟವಾದ ದಾಖಲೆ ಇದು. ಹದಿನಾರು ದಾಟಿದ ಮಗನನ್ನು ತಾಯಿ ಹ್ಯಾನಾ ಶಾಲೆ ಬಿಡಿಸಿ ಬೇಸಾಯಕ್ಕೆ ಹಚ್ಚಿದಳು. ಕುರಿ ಕಾಯಲು ಕಳಿಸಿದರೆ ಬೇಲಿ ಸಂದಿಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದ. 1659ರ ಅಕ್ಟೋಬರಿನಲ್ಲಿ ಕೋಲ್‌ಸ್ಟರ್‌ವರ್ತಿನ ಊರ ನ್ಯಾಯಸ್ಥಾನ ಐಸಾಕ್ ನ್ಯೂಟನ್ ಎಂಬುವವನಿಗೆ ದಂಡ ಹಾಕಿತು. ಕುರಿಗಳು ಕುಯಿಲಾದ ಹೊಲಕ್ಕೆ ನುಗ್ಗಿದ್ದಕ್ಕೆ 3 ಶಿಲ್ಲಿಂಗ್ 4 ಪೆನ್ಸ್. ಹಂದಿಗಳು ಪೈರಿಗೆ ಬಿದ್ದದ್ದಕ್ಕೆ 1 ಶಿಲ್ಲಿಂಗ್. ಹಿತ್ತಿಲ ಬೇಲಿ ರಿಪೇರಿ ಮಾಡಿಸದ್ದಕ್ಕೆ ಇನ್ನೊಂದು ಶಿಲ್ಲಿಂಗ್. ನಮ್ಮಲ್ಲಾದರೆ ದನ ದೊಡ್ಡಿಗೆ ಹೋಗುತ್ತಿತ್ತು. ಲೆಕ್ಕ ಬಾರದ ಹುಡುಗರಿಗೆ ನಮ್ಮ ಮೇಷ್ಟ್ರುಗಳು ‘ದನ ಕಾಯೋಕೆ ಹೋಗು’ ಅನ್ನುತ್ತಾರೆ. ಈತ ಆ ಕೆಲಸದಲ್ಲೂ ಫೇಲು. ಕೊನೆಗೆ ಸೋದರಮಾವ ಮತ್ತು ಶಾಲೆಯ ಮೇಷ್ಟ್ರು ಸ್ಟೋಕ್ಸ್ ಇಬ್ಬರೂ ತಾಯಿಯನ್ನು ಒಪ್ಪಿಸಿ 1661ರಲ್ಲಿ ಕೇಂಬ್ರಿಜಿಗೆ ಸಾಗಹಾಕಿದರು. ಹೊರಟ ದಿನ ಮನೆಯ ಆಳುಗಳು, ಇವನು ಯೂನಿವರ್ಸಿಟಿಗೆ ಬಿಟ್ಟು ಬೇರೆ ಯಾವುದಕ್ಕೂ ಲಾಯಕ್ಕಿಲ್ಲ ಅಂತ ಸಂಭ್ರಮಪಟ್ಟರು ಎಂದು ಸ್ಟೂಕ್ಲಿ ಬರೆದಿದ್ದಾನೆ. ಈ ಆಳುಗಳ ಹೆಸರಲ್ಲಿ ಒಂದು ಪ್ರತಿಮೆ ನಿಲ್ಲಿಸಿದರೆ ನಾನು ಚಂದಾ ಕೊಡುತ್ತೇನೆ.

ಕೇಂಬ್ರಿಜಿಗೆ ಹೋದ ಮರುವರ್ಷ, 19ರ ಹುಡುಗ ತನ್ನ ಪಾಪಗಳ ಪಟ್ಟಿಯನ್ನು ಗುಪ್ತವಾಗಿ ಶೀಘ್ರಲಿಪಿಯಲ್ಲಿ ಬರೆದುಕೊಂಡ. 50ಕ್ಕೂ ಹೆಚ್ಚು ಪಾಪಗಳು. ಅಮ್ಮನ ಡಬ್ಬಿಯಿಂದ ಸಕ್ಕರೆ ಕದ್ದದ್ದು, ಮಲತಂದೆಯನ್ನೂ ತಾಯಿಯನ್ನೂ ಮನೆ ಸಮೇತ ಸುಡುತ್ತೇನೆಂದು ಹೆದರಿಸಿದ್ದು. ಮೊದಮೊದಲಲ್ಲೇ ಒಂದು ಸಾಲಿದೆ: ದೇವರೇ, ನಿನ್ನ ಮನೆಯಲ್ಲಿ ಸೇಬು ತಿಂದೆ. ಅವನೇ ಕೈಯಾರೆ ಬರೆದಿಟ್ಟ ಸೇಬು ಇದು. ಇದಕ್ಕೆ ಕಸಿಯಿಲ್ಲ, ಶಾಖಾಮಠವಿಲ್ಲ.

ನಾವು ಹೊರಡುವ ಹೊತ್ತಿಗೆ ಮರದ ಬುಡದಲ್ಲಿ ಮೂರು ನಾಲ್ಕು ಹಣ್ಣು ಬಿದ್ದಿದ್ದವು. ಯಾರದೋ ನಾಲ್ಕೈದು ವರ್ಷದ ಹುಡುಗ ಬೇಲಿಯ ಮೇಲೆ ಹೊಟ್ಟೆ ಊರಿ ಒಂದಕ್ಕೆ ಕೈ ಚಾಚಿದ. ತಾಯಿ ಓಡಿ ಬಂದು ರಟ್ಟೆ ಹಿಡಿದು ಎಳೆದಳು. ನನ್ನ ಸೋದರಳಿಯ ಬೇಲಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ.

‘ಗಟ್ಟಿಯಾಗಿದೆ ಮಾಮಾ. ಈಗ ದಂಡ ಹಾಕೋ ಹಾಗಿಲ್ಲ.’