ವೇಗ ಹೇಳಿ ಕರೆದ ಮೇಲೆ ಆ ವೇಗದಲ್ಲೇ ಹೋಗಬೇಕು

ಮಳೆಗಾಲದಲ್ಲಿ ಮನೆಯೊಳಗೆ ಟ್ರೇನರ್ (ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಸಾಧನ) ಮೇಲೆ ಸೈಕಲ್ ತುಳಿಯುವ ನಮ್ಮ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆಯವರಿಗೆ ನನ್ನದೊಂದು ಮಾತು: ಒಬ್ಬೊಬ್ಬರೇ ತುಳಿಯಬೇಡಿ, ಇಂಟರ್ನೆಟ್‌ನಲ್ಲಿ ನಡೆಯುವ ಗ್ರೂಪ್ ರೈಡ್ ಸೇರಿ. ರೈಡ್ ನಡೆಸುವವರಿಗೆ ಇನ್ನೊಂದು ಮಾತು: ಎಷ್ಟು ವೇಗ ಅಂತ ಹೇಳಿ ಜನರನ್ನು ಕರೆದಿದ್ದೀರೋ ಅಷ್ಟರಲ್ಲೇ ಹೋಗಿ. ಈ ಎರಡನೆಯದು ನೆಟ್ಟಗಾಗದಿದ್ದರೆ ಹೊಸಬರು ಒಂದು ಸಲ ಬಂದು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಮನೆಯೊಳಗೆ ಯಾಕೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ಗಾಜನೂರು, ಮಂಡಗದ್ದೆ ದಾರಿಯಲ್ಲಿ ಸೈಕಲ್ ಹೊರಡಿಸುವುದು ಧೈರ್ಯವಲ್ಲ. ರಸ್ತೆ ಅಂಚಿಗೆ ಕೆಸರು, ಕೊಳೆತ ಎಲೆ, ಎದುರಿನ ಲಾರಿ ಎರಚುವ ನೀರಿಗೆ ಕಣ್ಣೇ ಕಾಣುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಕಡೆಯವರು ಸೆಪ್ಟೆಂಬರ್‌ವರೆಗೆ ಕಾಯುವುದು ಬಿಟ್ಟರೆ ಟ್ರೇನರ್ ಒಂದೇ ದಾರಿ. ಆದರೆ ಗೋಡೆ ನೋಡಿಕೊಂಡು ಎಷ್ಟು ದಿನ ತುಳಿಯುತ್ತೀರಿ? ಆಸೆಪಟ್ಟು ತಂದ ಟ್ರೇನರ್ ಎಷ್ಟೋ ಮನೆಗಳಲ್ಲಿ ಆಷಾಢ ಮುಗಿಯುವುದರೊಳಗೆ ಮೂಲೆ ಸೇರುತ್ತದೆ. ಆರು ಗಂಟೆಗೆ ಯಾರೋ ಕಾಯುತ್ತಿದ್ದಾರೆ ಅನ್ನುವುದೊಂದು ಇದ್ದರೆ ಮಾತ್ರ ಕಾಲು ಪೆಡಲ್ ಮೇಲೆ ಹೋಗುವುದು.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇಂಥ ರೈಡ್‌ಗಳು ನಡೆಯುವುದು ಜ್ವಿಫ್ಟ್, ಮೈವೂಶ್‌ನಂಥ ಆಪ್‌ಗಳಲ್ಲಿ. ಜ್ವಿಫ್ಟ್ ಶುರುವಾಗಿದ್ದು 2014ರಲ್ಲಿ. ದುಡ್ಡು ಕೊಟ್ಟು ಬಳಸಬೇಕು. ಅಬುಧಾಬಿಯ ಮೈವೂಶ್ ಉಚಿತ. ನಾವಿಲ್ಲಿ ತುಳಿದಂತೆ ಪರದೆ ಮೇಲಿನ ನಮ್ಮ ಸೈಕಲ್ ಓಡುತ್ತದೆ, ಏರು ಬಂದಾಗ ಸ್ಮಾರ್ಟ್ ಟ್ರೇನರ್ ತಾನೇ ಬಿಗಿಯಾಗುತ್ತದೆ. ಗ್ರೂಪ್ ರೈಡ್ ಪಟ್ಟಿ ತೆಗೆದರೆ ಹೊತ್ತು, ದಾರಿ, ವೇಗ ಎಲ್ಲ ಬರೆದಿರುತ್ತದೆ. ಈ ವೇಗವನ್ನು ಹೇಳುವುದು ವಾಟ್ಸ್ ಪರ್ ಕೆಜಿ ಲೆಕ್ಕದಲ್ಲಿ, ಅಂದರೆ ನೀವು ತುಳಿಯುವ ಶಕ್ತಿಯನ್ನು ನಿಮ್ಮ ತೂಕದಿಂದ ಭಾಗಿಸಿದ್ದು. ಜ್ವಿಫ್ಟ್‌ನಲ್ಲಿ ಲೀಡರ್ ತಲೆ ಮೇಲೆ ಹಳದಿ ಗುರುತು ಉರಿಯುತ್ತಿರುತ್ತದೆ. ಹಿಂದುಳಿದವರನ್ನು ಕರೆತರುವ ಸ್ವೀಪ್‌ಗಳಿಗೆ ಕೆಂಪು.

ಈ ಲೆಕ್ಕದಲ್ಲೊಂದು ವಿಷಯವಿದೆ, ಅದನ್ನು ಯಾರೂ ಹೊಸಬರಿಗೆ ಬಿಡಿಸಿ ಹೇಳುವುದಿಲ್ಲ. 2 ವಾಟ್ಸ್ ಪರ್ ಕೆಜಿ ಅಂತ ಹಾಕಿದ ರೈಡ್ ತೆಗೆದುಕೊಳ್ಳಿ. 55 ಕೆಜಿ ತೂಗುವ ನಮ್ಮ ಹುಡುಗ 110 ವಾಟ್ ತುಳಿಯುತ್ತಾನೆ. 85 ಕೆಜಿಯ ಡಚ್ಚರವನು ಅದೇ ಲೆಕ್ಕಕ್ಕೆ 170 ತುಳಿಯುತ್ತಾನೆ. ಏರಿನಲ್ಲಿ ಇಬ್ಬರೂ ಹೆಚ್ಚುಕಮ್ಮಿ ಜೊತೆಗಿರುತ್ತಾರೆ, ಅಲ್ಲಿ ತೂಕವೇ ಮುಖ್ಯ. ಸಮತಟ್ಟು ದಾರಿಯಲ್ಲಿ ಎದುರಿಸಬೇಕಾದದ್ದು ಗಾಳಿಯನ್ನು (ಆಪ್ ಇದನ್ನೂ ಲೆಕ್ಕ ಹಾಕುತ್ತದೆ), ಗಾಳಿಗೆ ಬೇಕಾಗಿದ್ದು ಒಟ್ಟು ಶಕ್ತಿ. ಹಾಗಾಗಿ ದಪ್ಪನೆಯವನು ಆರಾಮಾಗಿ ಮುಂದೆ ಹೋಗುತ್ತಾನೆ, ನಮ್ಮವನು ಏದುಸಿರು ಬಿಡುತ್ತಾನೆ. ಹೆಂಗಸರಿಗಂತೂ ಇದು ಇನ್ನೂ ಕಷ್ಟ. ಗುಂಪಿನೊಳಗಿದ್ದರೆ ಮುಂದಿನವರ ಮರೆಯಲ್ಲಿ ಕಾಲುಭಾಗದಷ್ಟು ಶ್ರಮ ಉಳಿಯುತ್ತದೆ. ಒಮ್ಮೆ ಕಳಚಿಕೊಂಡರೆ ಆ ಮರೆಯೂ ಇಲ್ಲ, ಅದೇ ವಾಟ್‌ಗೆ ವೇಗ ಇಳಿಯುತ್ತದೆ, ಅಂತರ ಬೆಳೆಯುತ್ತಲೇ ಹೋಗುತ್ತದೆ. ಆಗ ಚಾಟ್‌ನಲ್ಲಿ ‘ಇನ್ನೂ ಸ್ವಲ್ಪ ತುಳಿಯಿರಿ’ ಅಂತ ಬರೆಯುವುದರಿಂದ ಪ್ರಯೋಜನವೇನೂ ಇಲ್ಲ. ಮುಂದಿನವರು ನಿಧಾನ ಮಾಡಬೇಕು, ಅಷ್ಟೆ.

ಹೋದ ಮಳೆಗಾಲದಲ್ಲಿ ಒಂದು ಕ್ಲಬ್ಬಿನ ರೈಡ್‌ಗೆ ನನ್ನ ಜೊತೆ ಕೊಪ್ಪದ ಗೆಳೆಯನೊಬ್ಬ ಸೇರಿದ್ದ. ಅಡಿಕೆ ತೋಟ ಅವನದು. ಮಳೆ ಬಿಡುವು ಕೊಟ್ಟಾಗ ಕೊಳೆರೋಗಕ್ಕೆ ಬೋರ್ಡೋ ಹೊಡೆಸಬೇಕು, ಹೊಡೆಸುವವರು ಸಿಕ್ಕ ದಿನ ಬೇರೆ ಯಾವ ಕೆಲಸವೂ ಇಲ್ಲ. ಅದರ ಮಧ್ಯೆ ಒಂದು ಗಂಟೆ ಹೊಂದಿಸಿಕೊಂಡು ಬಂದಿದ್ದ. ನಿಧಾನದ ರೈಡ್ ಅಂತ ಬರೆದಿತ್ತು. ಶುರುವಾದ ಐದೇ ನಿಮಿಷಕ್ಕೆ ಮುಂದಿನವರು ರೇಸಿಗೆ ಬಿದ್ದರು, ಲೀಡರ್ ಅವರ ಬೆನ್ನು ಹತ್ತಿದರು. ಗೆಳೆಯ ಫೋನಿನಲ್ಲಿ ‘ನಂಗೆ ಆಗಲ್ಲ ಮಾರಾಯ, ನೀನು ಹೋಗು’ ಅಂದ. ಆಗದೇ ಇರುವಂಥದ್ದೇನೂ ಅವನಲ್ಲಿರಲಿಲ್ಲ. ಹೇಳಿದ ವೇಗಕ್ಕೆ ಅವನು ಸರಿಯಾಗೇ ತುಳಿಯುತ್ತಿದ್ದ.

ಆಮೇಲೆ ಅವನನ್ನು ಒತ್ತಾಯ ಮಾಡಿ ಇನ್ನೊಂದು ರೈಡ್‌ಗೆ ಕರೆತಂದೆ. ಅಲ್ಲಿ ಸ್ವೀಪ್ ಆಗಿದ್ದವರು ಒಬ್ಬ ಹೆಂಗಸು, ಯಾವ ದೇಶದವರೋ ಕೇಳಲಿಲ್ಲ. ಗೆಳೆಯ ಹಿಂದೆ ಬೀಳುವುದು ಕಂಡ ಕೂಡಲೇ ಕೆಂಪು ಗುರುತು ಗುಂಪಿನಿಂದ ಹಿಂದೆ ಸರಿಯಿತು. ಅವನ ಪಕ್ಕಕ್ಕೆ ಬಂತು, ಮುಂದಾಯಿತು, ಅವನು ಅದರ ಮರೆ ಹಿಡಿದ. ಲೀಡರ್ ‘ಏರಿನ ತುದಿಯಲ್ಲಿ ಎಲ್ಲರೂ ನಿಧಾನ’ ಅಂತ ಬರೆದರು, ಎಲ್ಲರೂ ನಿಜವಾಗಿಯೂ ನಿಧಾನ ಮಾಡಿದರು. ಎರಡು ನಿಮಿಷದಲ್ಲಿ ಅವನು ಗುಂಪಿನೊಳಗಿದ್ದ. ಈಗ ವಾರವಾದರೆ ಅವನೇ ನನ್ನನ್ನು ಕರೆಯುತ್ತಾನೆ. ಇಂಥ ಸ್ವೀಪ್‌ಗಳನ್ನು ನಾನು ಯಾವ ಚಾಂಪಿಯನ್‌ಗಿಂತ ಕಡಿಮೆ ಅನ್ನುವುದಿಲ್ಲ.

ರೇಸ್ ಮಾಡುವವರ ಮೇಲೆ ನನಗೆ ಕೋಪವಿಲ್ಲ. ರೇಸಿಗೆ ಅಂತಲೇ ಬೇರೆ ಪಟ್ಟಿ ಇದೆ. 2020ರ ಡಿಸೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಮೊದಲ ಇ-ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿದ್ದು ಜ್ವಿಫ್ಟ್‌ನಲ್ಲೇ. ಅದನ್ನು ಗೆದ್ದ ಜರ್ಮನಿಯ ಜೇಸನ್ ಆಸ್‌ಬೋರ್ನ್ ಮೂಲತಃ ದೋಣಿ ಸ್ಪರ್ಧೆಯವರು. ಹೆಂಗಸರಲ್ಲಿ ದಕ್ಷಿಣ ಆಫ್ರಿಕಾದ ಆಶ್ಲೀ ಮೂಲ್‌ಮನ್ ಪಾಸಿಯೊ ಗೆದ್ದರು. ಶಕ್ತಿ ಇದ್ದವರು ಅಲ್ಲಿ ತೋರಿಸಲಿ. ನಿಧಾನದ ರೈಡ್‌ಗೆ ಬಂದು ಮುಂದೆ ಓಡುವುದರಲ್ಲಿ ಯಾವ ದೊಡ್ಡತನವೂ ಇಲ್ಲ.

ಮೊದಲ ಸಲ ಸೇರುವವರು ಹತ್ತು ನಿಮಿಷ ಮುಂಚೆ ಬಂದು ಮೈ ಬಿಸಿ ಮಾಡಿಕೊಳ್ಳಿ. ಶುರುವಿನಲ್ಲಿ ಎಲ್ಲರೂ ಜೋರು. ತೂಕ ಇದ್ದಿದ್ದನ್ನೇ ಹಾಕಿ. ಮಳೆಯಲ್ಲಿ ಚಳಿ ಅಂತ ಫ್ಯಾನ್ ಇಡದೆ ಕೂರಬೇಡಿ. ನಮ್ಮ ಮಳೆಗಾಲದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಅರ್ಧ ಗಂಟೆಗೆ ಬೈರಾಸು ಹಿಂಡುವಷ್ಟಾಗುತ್ತದೆ. ಹೊತ್ತಿನ ಲೆಕ್ಕವೂ ಗೊತ್ತಿರಲಿ: ಯುರೋಪಿನವರ ಸಂಜೆ ರೈಡ್‌ಗಳು ನಮಗೆ ರಾತ್ರಿ ಹನ್ನೊಂದಕ್ಕೆ ಬೀಳುತ್ತವೆ, ನಿದ್ದೆಗೆಟ್ಟು ಮಾಡುವುದು ಬೇಡ. ನಮ್ಮ ಬೆಳಗಿನ ಐದೂವರೆಗೆ ಅಮೆರಿಕದವರ ಸಂಜೆ, ಆಸ್ಟ್ರೇಲಿಯಾದವರ ಬೆಳಿಗ್ಗೆ. ಆಗ ಜನ ಚೆನ್ನಾಗಿ ಸಿಗುತ್ತಾರೆ.

ಆದರೂ ನಮ್ಮದೇ ಒಂದು ರೈಡ್ ಇರಬೇಕು ಅನ್ನುವುದು ನನ್ನ ಆಸೆ. ಜ್ವಿಫ್ಟ್‌ನ ಮೀಟಪ್‌ನಲ್ಲಿ, ಅಂದರೆ ನಾವೇ ಗೊತ್ತಿದ್ದವರನ್ನು ಕರೆದು ಇಡುವ ರೈಡ್‌ನಲ್ಲಿ, ಎಲ್ಲರನ್ನೂ ಒಟ್ಟಿಗೇ ಇರಿಸುವ ಸೌಲಭ್ಯವಿದೆ. ಅದನ್ನು ಹಾಕಿದರೆ 110 ವಾಟ್‌ನವರೂ 250 ವಾಟ್‌ನವರೂ ಪಕ್ಕಪಕ್ಕದಲ್ಲೇ ಇರುತ್ತಾರೆ, ಪೆಡಲ್ ನಿಲ್ಲಿಸದಿದ್ದರೆ ಸಾಕು. ಬರುವ ಶನಿವಾರ ಸಂಜೆ ಆರಕ್ಕೆ ಹಾಗೆ ಒಂದು ಇಡುತ್ತೇನೆ, ಒಂದು ಗಂಟೆ, ಸಮತಟ್ಟು ದಾರಿ. ಮಾತಾಡುವುದು ವಾಟ್ಸಾಪ್ ಕಾಲ್‌ನಲ್ಲಿ, ಕನ್ನಡದಲ್ಲಿ. ಕರೆಂಟ್ ಹೋದವರಿಗಾಗಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಬಂದ ಮೇಲೆ ಮತ್ತೆ ಸೇರಿಕೊಳ್ಳಿ. ಇನ್ವರ್ಟರ್ ಇದ್ದವರು ರೂಟರ್ ಜೊತೆಗೆ ಟ್ರೇನರ್ ಇರುವ ಪ್ಲಗ್‌ಗೂ ಅದರ ಲೈನ್ ಬಂದಿದೆಯಾ ಅಂತ ಈ ವಾರದಲ್ಲೇ ನೋಡಿಕೊಳ್ಳಿ. ಸ್ವೀಪ್ ಕೆಲಸ ಕಲಿಯಲು ಮನಸ್ಸಿರುವ ಇಬ್ಬರು ಬೇಕಾಗಿದ್ದಾರೆ. ಬರುವವರು ಶುಕ್ರವಾರದೊಳಗೆ ನನಗೊಂದು ಮೆಸೇಜ್ ಹಾಕಿ.